ಮೆತೋದಿ ಬರೆಯದ ಹೆಸರು

ಏಪ್ರಿಲ್ 3, ಸೋಮವಾರ, ಬೆಳಿಗ್ಗೆ ಎಂಟೂಕಾಲು. ಸ್ತಾರಾ ರೆಕಾ ಪೊಲೀಸ್ ಠಾಣೆಯ ಬಾಗಿಲು ತಳ್ಳಿಕೊಂಡು ಒಳಗೆ ಬಂದವನು ನಾಲ್ಕನೇ ನಂಬರ್ ಬಸ್ಸಿನ ಡ್ರೈವರ್ ಮೆತೋದಿ ಪಾಸ್ಕಾಲೆವ್. ಊರಿನಲ್ಲಿ ಅವನನ್ನು ಗುರುತಿಸದವರು ಯಾರೂ ಇರಲಿಲ್ಲ. ಎರಡು ವರ್ಷದಿಂದ ಅವನನ್ನು ಕಂಡು ನಗುವವರೂ ಅಷ್ಟಾಗಿ ಇರಲಿಲ್ಲ. ಅವನ ಕೈಯಲ್ಲಿ ಒಂದು ಸಾವಿನ ಚೀಟಿ ಇತ್ತು. ಗೇಟಿನಿಂದ ಕಿತ್ತ ಅಂಟುಪಟ್ಟಿ ನಾಲ್ಕು ಮೂಲೆಯಲ್ಲೂ ಹಾಗೇ ಉಳಿದಿತ್ತು.

ಇನ್ಸ್‌ಪೆಕ್ಟರ್ ಬೋಗೊಮಿಲ್ ಚಾಕರೋವ್ ತಿನ್ನುತ್ತಿದ್ದ ಬನಿತ್ಸಾ ಎಂಬ ಚೀಸ್ ತುಂಬಿದ ರೊಟ್ಟಿಯನ್ನು ಕಾಗದದಲ್ಲಿ ಸುತ್ತಿ ಪಕ್ಕಕ್ಕಿಟ್ಟ. ಸಾವಿನ ಚೀಟಿ ಆ ಊರಿಗೇನೂ ಹೊಸದಲ್ಲ. ಸತ್ತವರ ನಲವತ್ತನೇ ದಿನಕ್ಕೆ, ಆರು ತಿಂಗಳಿಗೆ, ಆಮೇಲೆ ವರ್ಷ ವರ್ಷವೂ ಮನೆಯವರು ಫೋಟೋ ಹಾಕಿ ಅಚ್ಚು ಹಾಕಿಸಿ ಗೇಟಿಗೆ, ಕಂಬಕ್ಕೆ, ಬಸ್ ಸ್ಟಾಪಿಗೆ ಅಂಟಿಸುತ್ತಾರೆ. ಆದರೆ ಇದರಲ್ಲಿ ಫೋಟೋ ಇರಲಿಲ್ಲ, ಅಚ್ಚೂ ಇರಲಿಲ್ಲ. ನೀಲಿ ಶಾಯಿಯಲ್ಲಿ ಕೈಬರಹ ಇತ್ತು.

"ಝಾನಾ ತಬಕೋವಾ, ಹದಿನಾರು ವರ್ಷ. ನೀನು ಹೋಗಿ ಎರಡು ವರ್ಷವಾಯಿತು. ಬ್ರೇಕಿನ ತಪ್ಪಲ್ಲ. ನಾನು ನೋಡುತ್ತಿರಲಿಲ್ಲ. ಕ್ಷಮಿಸು. ಮೆತೋದಿ ಪಾಸ್ಕಾಲೆವ್."

ಚಾಕರೋವ್ ಎರಡು ಸಲ ಓದಿದ.

"ಎಲ್ಲಿತ್ತು ಇದು?"

"ಡಿಪೋ ಗೇಟಲ್ಲಿ ಸಾರ್. ನಾನು ಬರೋ ಹೊತ್ತಿಗೆ ಅರ್ಧ ಡಿಪೋ ಓದಿ ಆಗಿತ್ತು."

"ಮೊದಲನೇ ಸಲಾನಾ?"

"ನಾಲ್ಕನೇದು. ಫೆಬ್ರವರಿಯಲ್ಲಿ ಸ್ಕೂಲ್ ಹತ್ರದ ಸ್ಟಾಪಲ್ಲಿ ಒಂದು. ಆಮೇಲೆ ಚರ್ಚ್ ಬಾಗಿಲಿಗೆ. ಮಾರ್ಚ್ ಹದಿನಾಲ್ಕಕ್ಕೆ, ಅಪಘಾತ ಆದ ದಿನವೇ, ನಮ್ಮನೆ ಗೇಟಿಗೆ. ಹಿಂದಿನದ್ರಲ್ಲೆಲ್ಲ ಬರೀ ಕ್ಷಮಿಸು ಅಂತ ಇತ್ತು. ಬ್ರೇಕಿನ ಮಾತು ಇದ್ರಲ್ಲೇ ಮೊದಲು."

"ಅಕ್ಷರ ಯಾರದ್ದು?"

ಮೆತೋದಿ ಟೋಪಿಯನ್ನು ಕೈಯಲ್ಲಿ ಹಿಂಡಿದ. "ನಂದೇ ಸಾರ್."

"ಮತ್ತೆ?"

"ನಾನು ಬರ್ದಿಲ್ಲ."

ಮೂಲೆಯಲ್ಲಿ ಕೂತು ಕಂಪ್ಯೂಟರಿಗೆ ದೂರು ಇಳಿಸುತ್ತಿದ್ದ ಕಾನ್‌ಸ್ಟೆಬಲ್ ಗಾನ್ಚೋನ ಬೆರಳು ಕೀಲಿಗಳ ಮೇಲೆ ನಿಂತಿತು. "ಸರಿ ಹೋಯ್ತು! ಅಕ್ಷರ ಇವ್ರದ್ದು, ಸಹಿ ಇವ್ರದ್ದು, ಬರ್ದೋರು ಮಾತ್ರ ಬೇರೆ. ಇದನ್ನ ಎಫ್‌ಐಆರ್‌ನಲ್ಲಿ ಹೇಗೆ ಹಾಕೋದು ಸಾರ್?"

"ಹೇಳ್ದಂಗೆ ಹಾಕು," ಎಂದ ಚಾಕರೋವ್.

ತಮಾಷೆ ಅಲ್ಲಿಗೇ ನಿಂತಿತು. ಒಂಬತ್ತು ಗಂಟೆಗೆ ಸರ್ಕಾರಿ ವಕೀಲರ ಕಚೇರಿಯಿಂದ ಫೋನ್ ಬಂತು. ಅದೇ ಚೀಟಿಯ ಇನ್ನೊಂದು ಪ್ರತಿ ಅಂಚೆಯಲ್ಲಿ ಅವರಿಗೂ ತಲುಪಿತ್ತು. ಮೆತೋದಿಯ ಬಸ್ಸಿಗೆ ಸಿಕ್ಕಿ ಸತ್ತ ಝಾನಾಳ ಕೇಸು ಹೋದ ಅಕ್ಟೋಬರಿನಲ್ಲಿ ಸಾಕ್ಷ್ಯ ಸಾಲದೆ ಮುಚ್ಚಿತ್ತು. ಬಸ್ಸಿನ ಬ್ರೇಕು ಸವೆದಿತ್ತು. ತಪ್ಪು ಬ್ರೇಕಿನದೋ ಡ್ರೈವರನದೋ ಹೇಳಲಾಗದೆಂದು ತಜ್ಞರು ಕೈ ಎತ್ತಿದ್ದರು. ಈಗ ಡ್ರೈವರೇ ಕೈಯಾರೆ ತಪ್ಪೊಪ್ಪಿಕೊಂಡಿದ್ದರೆ ಕೇಸು ಮತ್ತೆ ತೆರೆಯಬೇಕು, ಆಸಾಮಿಯನ್ನು ಒಳಗೆ ಹಾಕಬೇಕು. ಬರಹ ಅವನದೇ ಹೌದೋ ಅಲ್ಲವೋ, ವಾರದೊಳಗೆ ತಿಳಿಸಿ ಎಂದರು.

ಚಾಕರೋವ್ ಫೋನ್ ಇಟ್ಟ. ಎದುರಿಗಿದ್ದ ಐವತ್ತೆಂಟು ವರ್ಷದ ಈ ಮನುಷ್ಯ ತನ್ನ ಅಕ್ಷರದ ದೆಸೆಯಿಂದಲೇ ಜೈಲು ಸೇರುವ ಲಕ್ಷಣ ಕಾಣುತ್ತಿತ್ತು.

"ನಿಮ್ಮ ಹೆಂಡತಿ ಏನಂತಾರೆ?"

"ತಂಗಿ ಮನೆಗೆ ಹೋಗಿದಾಳೆ ಸಾರ್. ಹಗಲು ಇಲ್ಲ ಅಂತೀಯ, ರಾತ್ರಿ ಕದ್ದು ಹೋಗಿ ಅಂಟಿಸಿ ಬರ್ತೀಯ, ನಿನ್ನ ತಲೆ ಕೆಟ್ಟಿದೆ ಅಂದ್ಲು." ಅವನು ತಲೆ ಎತ್ತಲಿಲ್ಲ. "ಒಂದೊಂದ್ಸಲ ನಂಗೇ ಅನ್ಸತ್ತೆ, ನಿದ್ದೆಗಣ್ಣಲ್ಲಿ ಬರೀತಿದೀನಾ ಅಂತ."

ಕೈಬರಹದ ಪರೀಕ್ಷೆಗೆ ಮಾದರಿ ಬರಹ ಬೇಕು. ಅದಕ್ಕೊಂದು ಪದ್ಧತಿಯಿದೆ: ಚೀಟಿಯ ಮಾತನ್ನೇ ಗಟ್ಟಿಯಾಗಿ ಹೇಳಿ ಐದು ಹಾಳೆ ಬರೆಸಬೇಕು, ಮೂಲವನ್ನು ತೋರಿಸಬಾರದು. ಗಾನ್ಚೋ ಪಾಠ ಒಪ್ಪಿಸುವವನಂತೆ ಓದಿ ಹೇಳಿದ. ಮೆತೋದಿ ಬರೆದ. "ಬ್ರೇಕಿನ ತಪ್ಪಲ್ಲ" ಎಂಬಲ್ಲಿ ಪೆನ್ನು ಒತ್ತಿ ಕಾಗದ ಹರಿಯುವಂತಾಯಿತು. ಆದರೂ ಬರೆದ. ಹಾಳೆ ಕೈಗೆ ಬಂದಾಗ ಚಾಕರೋವ್ ನೋಡಿದ, ಐದರಲ್ಲೂ ಮೊದಲ ಜಾಗ ಖಾಲಿ.

"ಹೆಸರೆಲ್ಲಿ?"

"ಅದೊಂದು ಬಿಟ್ಬಿಡಿ ಸಾರ್."

"ಯಾಕೆ?"

"ವಕೀಲ್ರು ಹೇಳಿದಾರೆ. ಆ ಹುಡುಗಿ ಹೆಸರು ಎಲ್ಲೂ ಬರೀಬೇಡ, ಎಲ್ಲೂ ಹೇಳ್ಬೇಡ ಅಂತ."

"ಕೇಸು ಮುಗಿದು ಆರು ತಿಂಗಳಾಯ್ತಲ್ಲಯ್ಯಾ."

ಮೆತೋದಿ ಪೆನ್ನನ್ನು ಮೇಜಿನ ಮೇಲಿಟ್ಟ. ಕಾನೂನಿನಲ್ಲಿ ಬಲವಂತಕ್ಕೆ ಅವಕಾಶವಿಲ್ಲ. ಚಾಕರೋವ್ ಹಾಳೆಗಳನ್ನು ಲಕೋಟೆಗೆ ಹಾಕಿ ಅರಗು ಒತ್ತಿಸಿದ. ಮನಸ್ಸಿಗೆ ಮಾತ್ರ ಏನೋ ಕಸಿವಿಸಿ. ಎರಡು ವರ್ಷದ ಹಿಂದೆ ಸ್ಕೂಲ್ ತಿರುವಿನಲ್ಲಿ ಪಂಚನಾಮೆ ಬರೆದವನು ಅವನೇ. ಡಾಂಬರಿನ ಮೇಲೆ ಬಿದ್ದಿದ್ದ ಹುಡುಗಿಯ ಈಜುಗನ್ನಡಕ ಅವನಿಗೆ ಇನ್ನೂ ನೆನಪಿತ್ತು.

*

"ಮೊದಲು ತಾಯಿಯನ್ನ ಕೇಳ್ಬೇಕಲ್ವಾ ಸಾರ್?" ಎಂದ ಗಾನ್ಚೋ. ಅವನು ಹೇಳಿದ್ದು ಸರಿಯೇ. ಮಧ್ಯಾಹ್ನ ಇಬ್ಬರೂ ಎಲ್ಕಾ ತಬಕೋವಾಳ ಮನೆಗೆ ಹೋದರು. ಎರಡನೇ ಮಹಡಿ, ಚಿಕ್ಕ ಫ್ಲ್ಯಾಟು. ಬಾಗಿಲಿಗೆ ಮಗಳ ಸಾವಿನ ಚೀಟಿ: ಅಚ್ಚಿನದು, ಫೋಟೋ ಇರುವುದು, ಅಂಚು ಹಳದಿಯಾದದ್ದು.

ಎಲ್ಕಾಗೆ ನಲವತ್ತೈದರ ಆಸುಪಾಸು. ಗಂಡ ಎಂದೋ ಬಿಟ್ಟು ಹೋಗಿದ್ದ. ಕೆಲಸದಿಂದ ಊಟಕ್ಕೆಂದು ಬಂದಿದ್ದಳು, ತಲೆವಸ್ತ್ರವನ್ನೂ ಬಿಚ್ಚಿರಲಿಲ್ಲ.

"ಕೂತ್ಕೊಳ್ಳಿ. ಕಾಫಿ ಇಡ್ಲಾ?"

"ಬೇಡಮ್ಮ. ಈ ಚೀಟಿ ನೋಡಿದೀರಾ?"

"ನೋಡಿದೀನಿ. ಊರೇ ನೋಡಿದೆ."

"ಯಾರು ಬರ್ದಿರ್ಬಹುದು?"

"ಕೆಳಗೆ ಹೆಸರಿದೆಯಲ್ಲ. ಓದಕ್ಕೆ ಬರಲ್ವಾ ನಿಮ್ಗೆ?"

"ಅವರು ಇಲ್ಲ ಅಂತಾರೆ."

"ಅವತ್ತೂ ಹಾಗೇ ಅಂದಿದ್ದ."

ಗಾನ್ಚೋ ಕೆಮ್ಮಿದ. ಚಾಕರೋವ್ ಒಂದು ಬಿಳಿ ಹಾಳೆ ಮುಂದಿಟ್ಟ. "ನಿಮ್ಮ ಕೈಬರಹದ್ದೂ ಒಂದು ಮಾದರಿ ಬೇಕು."

ಅವಳು ಹಿಂದೆಮುಂದೆ ನೋಡದೆ ಬರೆದು ಕೊಟ್ಟಳು. ದುಂಡಗೆ, ನೆಟ್ಟಗೆ ನಿಂತ ಅಕ್ಷರ. ಮೆತೋದಿಯದು ಬಲಕ್ಕೆ ವಾಲಿದ, ಅವಸರದ ಅಕ್ಷರ. ಎರಡಕ್ಕೂ ಅಜಗಜಾಂತರ.

"ಕೆಲಸ ಎಲ್ಲಿ ಮಾಡ್ತಿದೀರಿ ಈಗ?" ಹೊರಡುವಾಗ ಸುಮ್ಮನೆ ಕೇಳಿದ.

"ಸ್ಪಾಸ್ ಅಣ್ಣನ ಕಲ್ಲಿನ ಅಂಗಡಿಯಲ್ಲೇ. ಸಮಾಧಿ ಕಲ್ಲಿಗೆ ಚಿತ್ರ ಹಾಕೋದು."

ಚಾಕರೋವ್ ಬರೆದುಕೊಂಡ. ಆಗ ಅದರಲ್ಲಿ ಅವನಿಗೇನೂ ಕಾಣಲಿಲ್ಲ.

*

ಜಿಲ್ಲಾ ಪ್ರಯೋಗಾಲಯದ ಬರಹ ತಜ್ಞೆ ಡಾಕ್ಟರ್ ಇಸ್ಕ್ರಾ ಮೊಮ್ಚಿಲೋವಾ ನಿವೃತ್ತಿಗೆ ಹತ್ತಿರವಾದ ಹೆಂಗಸು. ಸಿಗರೇಟು ಬಿಟ್ಟು ಬಾಯಲ್ಲಿ ಸದಾ ಸೂರ್ಯಕಾಂತಿ ಬೀಜ. ಗುರುವಾರ ಅವಳೇ ಫೋನ್ ಮಾಡಿ ಕರೆಸಿದಳು.

"ಬಾರಯ್ಯ ಚಾಕರೋವ್. ಕೈ ಪಾಸ್ಕಾಲೆವ್‌ದೇ. ವಾಲೋದು, ಕೊಕ್ಕೆ, ಎಲ್ಲಾ ಅವನ್ದೇ."

ಚಾಕರೋವ್ ಕುರ್ಚಿ ಎಳೆದುಕೊಂಡು ಕೂತ. "ಹಾಗಾದ್ರೆ ಮುಗೀತು."

"ಎಲ್ಲಿ ಮುಗೀತು? ಇಲ್ ನೋಡು." ಅವಳು ಪರದೆಯ ಮೇಲೆ ಝಾನಾ ಎಂಬ ಹೆಸರನ್ನು ಅಂಗೈಯಷ್ಟು ದೊಡ್ಡದು ಮಾಡಿದಳು. ಅವರ ಲಿಪಿಯಲ್ಲಿ ನಾಲ್ಕೇ ಅಕ್ಷರದ ಹೆಸರು, Жана. ಎರಡನೆಯದೂ ಕೊನೆಯದೂ ಒಂದೇ ಸ್ವರ. ಅವಳು ಒಂದು 'а'ಯನ್ನು ಎತ್ತಿ ಇನ್ನೊಂದರ ಮೇಲೆ ಕೂರಿಸಿದಳು. ಎರಡೂ ಸೇರಿ ಒಂದಾದವು, ಕೂದಲೆಳೆಯಷ್ಟೂ ಹೊರಚಾಚಲಿಲ್ಲ.

"ಚೀಟಿಯಲ್ಲಿ ಇರೋ ಅಷ್ಟೂ 'а'ಗಳು ಹೀಗೇ. ನೀನೇ ಹೇಳು, ನಿನ್ನ ಸಹಿ ಎರಡು ಸಲ ಒಂದೇ ತರ ಹಾಕ್ತೀಯ? ದೇವ್ರು ಬಂದ್ರೂ ಆಗಲ್ಲ. ಅವನು ನಿಮ್ಮ ಠಾಣೆಯಲ್ಲಿ ಬರ್ದಿರೋ ಐದು ಹಾಳೆ ನೋಡು, ಒಂದೊಂದು ಒಂದೊಂದು ತರ."

"ಪ್ರಿಂಟ್ ಮಾಡಿದಾರಾ?"

"ಪ್ರಿಂಟ್ ಅಲ್ಲ. ಇದು ನಿಜವಾದ ಪೆನ್ನು, ನಿಜವಾದ ಶಾಯಿ, ಹಿಂದೆ ಗೀರೂ ಬಿದ್ದಿದೆ. ಆದ್ರೆ ಗೀರಿನ ಆಳ ಮೊದಲಿಂದ ಕೊನೇವರೆಗೂ ಒಂದೇ. ಮನುಷ್ಯ ಅಂದ್ಮೇಲೆ ಎಲ್ಲೋ ಒತ್ತುತ್ತಾನೆ, ಎಲ್ಲೋ ತೇಲಿಸ್ತಾನೆ." ಅವಳು ಪೆನ್ಸಿಲ್ ತುದಿಯಿಂದ ಗೆರೆಯ ಒಂದು ತುದಿಯನ್ನು ತೋರಿಸಿದಳು. ಅಲ್ಲೊಂದು ಸಣ್ಣ ಚುಕ್ಕೆ. "ಪೆನ್ನು ಸೀದಾ ಮೇಲಿಂದ ಇಳಿದು, ಒಂದು ಕ್ಷಣ ನಿಂತು, ಆಮೇಲೆ ಹೊರಟಿದೆ. ಹೊರಟಿದ್ದು ಎಲ್ಲಿಂದ? ಗೆರೆಯ ಬಾಲದಿಂದ! ಅರ್ಧಕ್ಕರ್ಧ ಗೆರೆ ಬಲದಿಂದ ಎಡಕ್ಕೆ ಹೋಗಿವೆ. ನಮ್ಮ ಲಿಪಿಯನ್ನ ಹಿಂದುಮುಂದಾಗಿ ಬರೆಯೋ ಮನುಷ್ಯ ಇಲ್ಲಪ್ಪ. ಇದು ಪ್ಲಾಟರ್ ಕೆಲಸ."

ಗಾನ್ಚೋ ತಲೆ ಕೆರೆದುಕೊಂಡ. "ಬಿಡಿಸಿ ಹೇಳಿ ಡಾಕ್ಟ್ರಮ್ಮ. ನಾನು ಟ್ರಾಫಿಕ್‌ನಿಂದ ಬಂದೋನು."

"ಯಂತ್ರದ ಕೈಗೆ ಪೆನ್ನು ಕಚ್ಚಿಸಿರ್ತಾರೆ. ಕಂಪ್ಯೂಟರಲ್ಲಿ ಗೆರೆಗಳ ಚಿತ್ರ. ಅದನ್ನ ಯಂತ್ರದ ಮಾತಿಗೆ ತಿರುಗಿಸ್ತಾರೆ: ಇಲ್ಲಿಗೆ ಹೋಗು, ಪೆನ್ನು ಇಳಿಸು, ಅಲ್ಲಿವರೆಗೆ ಎಳಿ, ಪೆನ್ನು ಎತ್ತು. ಯಂತ್ರಕ್ಕೆ ಅಕ್ಷರವೂ ಗೊತ್ತಿಲ್ಲ, ಅರ್ಥವೂ ಗೊತ್ತಿಲ್ಲ. ಹಾಗೇ ಬಿಟ್ರೆ ಕಾಲಹರಣ ಅಂತ, ಒಂದು ಗೆರೆ ಮುಗಿದ ಜಾಗಕ್ಕೆ ಹತ್ತಿರ ಇರೋ ಗೆರೆಯ ಯಾವ ತುದಿ ಸಿಕ್ಕಿದ್ರೂ ಅಲ್ಲಿಂದ ಶುರು ಮಾಡ್ಸೋ ವಿದ್ಯೆ ಇದೆ. ಯಾರೋ ಅದನ್ನ ಅಭ್ಯಾಸಬಲದಿಂದ ಹಾಗೇ ಬಿಟ್ಟಿದಾರೆ." ಬೀಜದ ಸಿಪ್ಪೆಯನ್ನು ಕಪ್ಪಿಗೆ ಉಗುಳಿ ಅವಳು ಮುಂದುವರಿಸಿದಳು. "ಇನ್ನೊಂದಿದೆ. ಹೆಸರಿನ ಮೊದಲಕ್ಷರ, ಈ ದೊಡ್ಡ Ж. ಜೀರುಂಡೆ ಹಾಗೆ ಆರು ಕಾಲಿಂದು. ಅದು ಮಾತ್ರ ಪಾಸ್ಕಾಲೆವ್ ಕೈ ಅಂತ ನಂಗನ್ಸಲ್ಲ. ಚಿಕ್ಕ ವಯಸ್ಸಿನವರ ಕೈ. ಕಾಲಿನ ತುದಿ ಎಲ್ಲಾ ಸುರುಳಿ ಸುತ್ತಿದೆ. ಆದ್ರೆ ಅಲ್ಲ ಅಂತ ಕೋರ್ಟಲ್ಲಿ ಹೇಳ್ಬೇಕು ಅಂದ್ರೆ ಅವನು ಬರ್ದಿರೋ ದೊಡ್ಡ Ж ಒಂದಾದ್ರೂ ಬೇಕು. ಹಳೇ ಕೇಸಲ್ಲಿ ಅವನು ಕೈಯಾರೆ ಬರ್ದುಕೊಟ್ಟ ಹೇಳಿಕೇನೂ ತರ್ಸಿ ನೋಡ್ದೆ. ಎಂಟು ಹಾಳೆ, ಹುಡುಗಿ ಹೆಸರು ಒಂದು ಕಡೆಯೂ ಇಲ್ಲ."

"ಏನಂತ ಬರ್ದಿದಾನೆ ಮತ್ತೆ?"

"ಪಾದಚಾರಿ."

ವಾಪಸ್ ಬರುವಾಗ ಕಾರಿನಲ್ಲಿ ಗಾನ್ಚೋ ಒಂದೇ ಸಮನೆ ಲೆಕ್ಕ ಹಾಕಿದ. ಊರಿನಲ್ಲಿ ಅಂಥ ಯಂತ್ರ ಎಲ್ಲೆಲ್ಲಿದೆ? ತಾಂತ್ರಿಕ ಶಾಲೆಯಲ್ಲಿ ಒಂದು, ಕೆಟ್ಟು ಕೂತಿದೆ. ಹೊಲಿಗೆ ಕಾರ್ಖಾನೆಯಲ್ಲಿ ಒಂದು, ಕೋಣೆಯಷ್ಟು ಅಗಲ. ಮದುವೆ ಕಾರ್ಡಿನವರ ಹತ್ತಿರ ಇಲ್ಲ.

"ಸಮಾಧಿ ಕಲ್ಲಿಗೆ ಚಿತ್ರ ಹೇಗೆ ಕೆತ್ತುತ್ತಾರೆ ಗಾನ್ಚೋ?" ಚಾಕರೋವ್ ಇದ್ದಕ್ಕಿದ್ದಂತೆ ಕೇಳಿದ.

"ಈಗೆಲ್ಲಾ ಯಂತ್ರವೇ ಸಾರ್. ನಮ್ಮಪ್ಪನ ಮುಖ ಕೆತ್ತೋಕೆ ಮುಂಚೆ ಕಾಗದದ ಮೇಲೆ ಪೆನ್ನಲ್ಲಿ ಒಂದ್ಸಲ ಬರೆಸಿ ತೋರ್ಸಿದ್ರು. ಕಲ್ಲು ಕೆಟ್ರೆ ಮತ್ತೆ ಬರಲ್ವಲ್ಲ, ಅದಕ್ಕೆ..." ಗಾನ್ಚೋ ಮಾತು ನಿಲ್ಲಿಸಿ ಇನ್ಸ್‌ಪೆಕ್ಟರನ ಮುಖ ನೋಡಿದ. "ಅಯ್ಯೋ ದೇವರೇ."

"ಸ್ಮಶಾನದ ಕಡೆ ತಿರುಗ್ಸು," ಎಂದ ಚಾಕರೋವ್.

ಝಾನಾಳ ಕಲ್ಲು ಮೂರನೇ ಸಾಲಿನಲ್ಲಿತ್ತು. ಕರಿಕಲ್ಲು, ಮೇಲೆ ನಗುವ ಮುಖ, ಒದ್ದೆ ಕೂದಲು. ಸತ್ತವರಿಗೆಂದು ಸಕ್ಕರೆ ಉದುರಿಸಿ ಇಡುವ ಬೇಯಿಸಿದ ಗೋಧಿಯನ್ನು ಯಾರೋ ಆಗಷ್ಟೇ ಇಟ್ಟು ಹೋಗಿದ್ದರು. ಗುಬ್ಬಿಗಳು ಸಕ್ಕರೆ ಹೆಕ್ಕುತ್ತಿದ್ದವು. ಹೆಸರನ್ನು ಅಚ್ಚಿನಕ್ಷರದಲ್ಲಿ ಕೆತ್ತಿರಲಿಲ್ಲ. ಹುಡುಗಿಯ ಸಹಿಯನ್ನೇ ಕಲ್ಲಿಗೆ ಇಳಿಸಿದ್ದರು. ಸಹಿಯ ಮೊದಲಿಗೆ ದೊಡ್ಡ Ж, ಆರು ಕಾಲು, ತುದಿಯಲ್ಲಿ ಸುರುಳಿ.

ಚಾಕರೋವ್ ಚೀಟಿಯ ನಕಲು ತೆಗೆದು ಪಕ್ಕಕ್ಕೆ ಹಿಡಿದ. ಅಳತೆಪಟ್ಟಿ ಬೇಕಾಗಲಿಲ್ಲ. ಕೊಲೆಯ ಕೇಸುಗಳಲ್ಲಿ ಸುಳಿವು ಸಿಕ್ಕಾಗ ಆಗುವ ಹುರುಪು ಈ ಸಲ ಅವನಿಗೆ ಆಗಲಿಲ್ಲ, ಸಂಕಟವಾಯಿತು. ಗಾನ್ಚೋ ಟೋಪಿ ತೆಗೆದು ನಿಂತಿದ್ದ.

*

ಏಪ್ರಿಲ್ 7, ಶುಕ್ರವಾರ, ಬೆಳಿಗ್ಗೆ ಹತ್ತು. ಶೋಧನಾ ಪರವಾನಗಿಯೊಂದಿಗೆ ಚಾಕರೋವ್, ಗಾನ್ಚೋ, ಇಬ್ಬರು ಪಂಚರು ಸ್ಪಾಸನ ಕಲ್ಲಿನ ಅಂಗಡಿಗೆ ಬಂದರು. ಒಬ್ಬ ಪಂಚ ಎದುರಿನ ಹೂವಿನಂಗಡಿಯವನು, ಇನ್ನೊಬ್ಬಳು ಅಂಚೆಯವಳು. ಅಂಗಳದ ತುಂಬ ಹೆಸರಿಲ್ಲದ ಕರಿಕಲ್ಲುಗಳು. ದಪ್ಪ ಮೀಸೆಯ ಸ್ಪಾಸ್ ಪರವಾನಗಿ ಓದಿ ಕೂಗಾಡಿದ.

"ಏನ್ ಸಾರ್ ಇದು ಅನ್ಯಾಯ! ಮಗಳನ್ನ ಕಳ್ಕೊಂಡ ಹೆಂಗಸು ಅವಳು. ನಿಮ್ಗೆ ಹಿಡಿಯೋಕೆ ಬೇರೆ ಕಳ್ಳರು ಸಿಗ್ಲಿಲ್ವಾ?"

"ಸುಮ್ನಿರಿ ಸ್ಪಾಸ್ ಅಣ್ಣ," ಎಂದು ಒಳಗಿನಿಂದ ಎಲ್ಕಾಳ ದನಿ ಬಂತು. "ಅವ್ರ ಕೆಲಸ ಅವ್ರು ಮಾಡ್ಲಿ."

ಒಳಕೋಣೆಯಲ್ಲಿ ಮೇಜಿನಗಲದ ಪ್ಲಾಟರ್ ಇತ್ತು: ಎರಡು ಕಂಬಿ, ಅವುಗಳ ಮೇಲೆ ಓಡಾಡುವ ತೋಳು, ತೋಳಿನ ತುದಿಯಲ್ಲಿ ನೀಲಿ ಪೆನ್ನು. ಎಲ್ಕಾ ಕಂಪ್ಯೂಟರಿನ ಮುಂದೆ ಕೂತಿದ್ದಳು. ಕೇಳುವ ಮೊದಲೇ ಕಡತ ತೆರೆದು ತೋರಿಸಿದಳು. ಬಚ್ಚಿಡಲು ಅವಳಿಗೆ ಮನಸ್ಸಿರಲಿಲ್ಲ, ಅಥವಾ ಶಕ್ತಿ ಇರಲಿಲ್ಲ.

ಪರದೆಯ ತುಂಬ ಬರೀ ಅಂಕೆಗಳು. ಗಾನ್ಚೋ ಬಗ್ಗಿ ನೋಡಿದ. "ಇದ್ರಲ್ಲಿ ಕ್ಷಮಿಸು ಅನ್ನೋ ಮಾತು ಎಲ್ಲಿದೆ?"

ಎಲ್ಕಾ ಪರದೆಯ ಮೇಲೆ ಬೆರಳಿಟ್ಟಳು. "ಇಲ್ಲಿಂದ," ಎಂದು ಪುಟ ಸರಿಸುತ್ತಾ ಹೋದಳು, ಸರಿಸುತ್ತಲೇ ಹೋದಳು, "ಇಲ್ಲೀವರೆಗೆ."

ಪಂಚರ ಎದುರಿಗೆ ಓಡಿಸಿ ನೋಡಲೇಬೇಕು. ಪಂಚನಾಮೆಗೆ ಅದು ಅಗತ್ಯ. ಅವಳೇ ಬಿಳಿ ಹಾಳೆ ಹಾಸಿದಳು, ಮೂಲೆಗಳನ್ನು ಅಂಟಿಸಿದಳು, ಗುಂಡಿ ಒತ್ತಿದಳು. ತೋಳು ಗುಂಯ್ ಎಂದು ಹೊರಟಿತು. ಪೆನ್ನು ಹಾಳೆಯ ಬಲ ತುದಿಗೆ ಹೋಗಿ ಇಳಿಯಿತು, ಕ್ಷಣ ನಿಂತಿತು, ಹಿಂದಕ್ಕೆ ಹೊರಟಿತು. ಮೊದಲು ಸಹಿಯ ಬಾಲ. ಆಮೇಲೆ 'ಕ್ಷಮಿಸು'ವಿನ ಕೊನೆ. ಎಲ್ಲೋ ಒಂದು ಅಡ್ಡಗೆರೆ, ಎಲ್ಲೋ ಒಂದು ಕೊಕ್ಕೆ. ಮಾತು ತುದಿಯಿಂದ ಮೊದಲಿಗೆ ಹುಟ್ಟಿಕೊಳ್ಳುತ್ತಾ ಬಂತು. ಎಲ್ಲಕ್ಕಿಂತ ಕೊನೆಗೆ ಮೇಲಿನ ಮೂಲೆಯಲ್ಲಿ ಸುರುಳಿ ಕಾಲಿನ Ж ಎದ್ದು ನಿಂತಿತು. ಅಂಚೆಯವಳು ಶಿಲುಬೆ ಗುರುತು ಹಾಕಿಕೊಂಡಳು.

"ಹಿಂದುಮುಂದಾಗಿ ಬರೀತಿದೆ," ಎಂದ ಚಾಕರೋವ್.

ಎಲ್ಕಾ ಹಾಳೆಯನ್ನೇ ನೋಡುತ್ತಿದ್ದಳು. "ಪೆನ್ನಿನ ಅಡ್ಡಾಟ ಉಳಿಸೋದು ಅಂತ ಒಂದು ಆಯ್ಕೆ ಇದೆ. ಅದನ್ನ ನಾವು ಯಾವತ್ತೂ ಆಫ್ ಮಾಡಲ್ಲ. ಕಲ್ಲಿನ ಮೇಲೆ ಗೆರೆ ಯಾವ ಕಡೆಯಿಂದ ಬಂದ್ರೂ ಒಂದೇ. ಶಾಯಿಗೆ ಹಾಗಲ್ಲ ಅನ್ನೋದು ನಂಗೆ ಹೊಳೀಲೇ ಇಲ್ಲ."

"ಅವರ ಅಕ್ಷರ ಎಲ್ಲಿಂದ ಸಿಕ್ತು?"

"ನೀವೇ ಕೊಟ್ರಿ. ಹೇಳಿಕೆಯ ನಕಲು ತಾಯಿಗೊಂದು ಕೊಡ್ಬೇಕು ಅಂತ ಕಾನೂನಿದೆಯಂತೆ." ಅವಳು ಮೊದಲ ಸಲ ಅವನ ಮುಖ ನೋಡಿದಳು. "ನಾನು ಅವ್ನಿಗೆ ಮೂರು ಸಲ ಹೇಳಿ ಕಳ್ಸಿದೆ ಸಾರ್. ಜೈಲಿಗೆ ಹೋಗು ಅನ್ಲಿಲ್ಲ. ಅವಳ ಹೆಸರು ಬರ್ದು, ಕೆಳಗೆ ಒಂದು ಸಾಲು ಬರ್ಕೊಡು, ಸಾಕು ಅಂದೆ. ವಕೀಲರು ಬೇಡ ಅಂದಿದಾರೆ ಅಂತ ಹೇಳಿ ಕಳ್ಸ್ದ. ಎಂಟು ಹಾಳೆ ಬರ್ದಿದಾನೆ, ಎಲ್ಲಾ ಕಡೆ ಪಾದಚಾರಿ, ಪಾದಚಾರಿ, ಪಾದಚಾರಿ. ನನ್ನ ಮಗಳಿಗೆ ಹೆಸರಿರ್ಲಿಲ್ವಾ?"

ಅವಳು ಹಾಳೆಯ ಮೂಲೆಯ ಅಂಟುಪಟ್ಟಿ ಬಿಡಿಸತೊಡಗಿದಳು.

"ಒಂದೊಂದೇ ಅಕ್ಷರ ಆರಿಸಿ, ಕಂಪ್ಯೂಟರಲ್ಲಿ ಅದರ ಮೇಲೆ ಗೆರೆ ಎಳೆದು, ಜೋಡ್ಸಿದೆ. ಇಡೀ ಚಳಿಗಾಲ ಬೇಕಾಯ್ತು. ಅವನ ಹೆಂಡ್ತಿಗಿಂತ ನಂಗೇ ಚೆನ್ನಾಗಿ ಗೊತ್ತು ಅವನ ಅಕ್ಷರ. 'ತಪ್ಪು ನನ್ನದಲ್ಲ' ಅಂತ ಬರ್ದಿದ್ನಲ್ಲ, ಆ ಹಾಳೆಗಳಿಂದಲೇ 'ಕ್ಷಮಿಸು' ಅನ್ನೋದನ್ನ ಹೊರಡಿಸ್ದೆ. ಆದ್ರೆ ಅವಳ ಹೆಸರಿನ ಮೊದಲಕ್ಷರ ಮಾತ್ರ ಎಲ್ಲೂ ಸಿಗ್ಲಿಲ್ಲ. ಆ ದೊಡ್ಡಕ್ಷರ ಅವನು ಎಲ್ಲೂ ಬರ್ದೇ ಇಲ್ಲ. ಕಲ್ಲಿಗೆ ಅಂತ ಮಾಡಿದ್ದು ಇತ್ತು, ಅವಳದ್ದೇ. ಅದನ್ನ ಹಾಕ್ದೆ."

"ಬ್ರೇಕಿನ ಮಾತು?"

"ಅದು..." ಅವಳ ದನಿ ತೊದಲಿತು. "ಮೊದಲು ಕ್ಷಮಿಸು ಅಂತ ಓದಿದ್ರೆ ಸಾಕಾಗಿತ್ತು. ಆಮೇಲೆ ಸಾಕಾಗ್ಲಿಲ್ಲ."

"ಅದ್ರಿಂದ ಅವರು ಜೈಲಿಗೆ ಹೋಗ್ತಿದ್ರು ಅಮ್ಮ. ಸುಳ್ಳು ಕಾಗದಕ್ಕೆ."

"ಸುಳ್ಳು ಅಂತ ನಿಮ್ಗೆ ಗೊತ್ತಾ?"

"ಕಾಗದ ಸುಳ್ಳು. ಅದು ಗೊತ್ತು."

ಹನ್ನೊಂದು ಮುಕ್ಕಾಲಿಗೆ ಪಂಚನಾಮೆ ಮುಗಿಯಿತು. ಪ್ಲಾಟರ್ ಒಂದು, ಕಂಪ್ಯೂಟರ್ ಒಂದು, ನೀಲಿ ಪೆನ್ನುಗಳು, ಹೇಳಿಕೆಯ ನಕಲು, ಪಂಚರ ಎದುರು ಬರೆದ ಹಾಳೆ. ಖೋಟಾ ಸಾಕ್ಷ್ಯ ಸೃಷ್ಟಿ ಮತ್ತು ಕಿರುಕುಳದ ಆರೋಪದ ಮೇಲೆ ಎಲ್ಕಾ ತಬಕೋವಾಳನ್ನು ಬಂಧಿಸಲಾಯಿತು. ಗಾನ್ಚೋ ಬೇಡಿ ಹೊರತೆಗೆಯಲಿಲ್ಲ, ಚಾಕರೋವ್ ತೆಗೆ ಎನ್ನಲೂ ಇಲ್ಲ.

*

ಮೆತೋದಿಯನ್ನು ಮಧ್ಯಾಹ್ನವೇ ಕರೆಸಿದರು. ಬಾಗಿಲಲ್ಲೇ ಗಾನ್ಚೋ ಅವನ ಹೆಗಲು ತಟ್ಟಿದ. "ನಿಂಗೆ ಹುಚ್ಚು ಹಿಡ್ದಿಲ್ಲ ಮಾರಾಯ. ಹೆಂಡ್ತೀನ ಮನೆಗೆ ಕರ್ಕೊಂಡು ಬಾ."

ಯಾರು ಮಾಡಿದ್ದು, ಹೇಗೆ ಮಾಡಿದ್ದು, ಚಾಕರೋವ್ ಎಲ್ಲವನ್ನೂ ಹೇಳಿದ. ಮೆತೋದಿಯ ಮುಖದಲ್ಲಿ ಗೆಲುವು ಕಾಣಲಿಲ್ಲ. "ಚಳಿಗಾಲ ಪೂರ್ತಿನಾ?" ಎಂದು ಮಾತ್ರ ಕೇಳಿದ. ಆಮೇಲೆ, "ನನ್ನ ಅಕ್ಷರವನ್ನೇ ಮುಂದಿಟ್ಕೊಂಡು ಕೂತಿದ್ಲಾ?"

"ಹೂಂ. ಇನ್ನೊಂದೇ ಕೆಲಸ ಬಾಕಿ. ಚೀಟಿಯ ಮೊದಲಕ್ಷರ ನಿಮ್ಮದಲ್ಲ ಅಂತ ತಜ್ಞರು ಬರೆದುಕೊಡ್ಬೇಕು. ಅದಕ್ಕೆ ನಿಮ್ಮ ಕೈಯ ದೊಡ್ಡ Ж ಬೇಕು. ಹೆಸರು ಬೇಡ. ಒಂದೇ ಒಂದು ಅಕ್ಷರ. ಅದು ಬಂದ್ರೆ ನೀವು ಈ ಕೇಸಿಂದ ಆಚೆ."

ಹಾಳೆ ಇಟ್ಟರು. ಮೆತೋದಿ ಪೆನ್ನು ಹಿಡಿದ. ಅವನ ಅಕ್ಷರಕ್ಕೆ ಸುರುಳಿ ಇರಲಿಲ್ಲ. ಮೂರು ಗೀಟು, ನಡುವೆ ಕಟ್ಟಿದ ಹುಲ್ಲಿನ ಕಂತೆ ಹಾಗೆ. ಬರೆದಾಯಿತು. ಚಾಕರೋವ್ ಹಾಳೆಗೆ ಕೈ ಚಾಚಿದ. ಮೆತೋದಿ ಕೊಡಲಿಲ್ಲ. ಪೆನ್ನು ಕಾಗದದ ಮೇಲೆಯೇ ಇತ್ತು. ಅದು ನಿಧಾನವಾಗಿ ಮುಂದಕ್ಕೆ ಸರಿಯಿತು. ಒಂದು ಸ್ವರ, ಒಂದು ವ್ಯಂಜನ, ಇನ್ನೊಂದು ಸ್ವರ. ಹೆಸರು ಮುಗಿಯಿತು. ಕೈ ನಿಲ್ಲಲಿಲ್ಲ.

ಗಾನ್ಚೋ ಬಾಯಿ ತೆರೆದ. ಚಾಕರೋವ್ ಸುಮ್ಮನಿರೆಂದು ಸನ್ನೆ ಮಾಡಿದ. ಇನ್ಸ್‌ಪೆಕ್ಟರನಾಗಿ ಅವನು ತಡೆಯಬೇಕಿತ್ತು, ವಕೀಲರನ್ನು ಕರೆಸಿ ಎನ್ನಬೇಕಿತ್ತು. ಅದು ಅವನಿಗೆ ಗೊತ್ತಿತ್ತು, ಆದರೂ ತಡೆಯಲಿಲ್ಲ.

ಮೆತೋದಿ ಬರೆದು ಮುಗಿಸಿ ಹಾಳೆಯನ್ನು ತಾನೇ ತಿರುಗಿಸಿ ಮುಂದಿಟ್ಟ.

"ನೀವು ಕೇಳಿದ್ದಕ್ಕಿಂತ ಜಾಸ್ತಿ ಆಯ್ತು."

ಚಾಕರೋವ್ ಓದಿದ. ಎರಡನೇ ಸಲ ಓದಲು ಅವನಿಗೆ ಧೈರ್ಯ ಬರಲಿಲ್ಲ. "ಮೆತೋದಿ, ಇದನ್ನ ಹರಿದು ಹಾಕೋ ಅಧಿಕಾರ ನಂಗಿಲ್ಲ. ಇದು ಫೈಲಿಗೆ ಹೋಗತ್ತೆ. ಸರ್ಕಾರಿ ವಕೀಲರು ಓದ್ತಾರೆ. ಹಳೇ ಕೇಸು ಮತ್ತೆ ತೆರೀತಾರೆ. ಈ ಸಲ ಯಂತ್ರ ಬರ್ದಿದ್ದು ಅನ್ನೋಕಾಗಲ್ಲ."

"ಹೋಗ್ಲಿ ಸಾರ್."

"ನಿಮ್ಮ ವಕೀಲರಿಗೆ ಒಂದು ಫೋನ್..."

"ಬೇಡ. ಎರಡು ವರ್ಷ ಅವ್ರ ಮಾತು ಕೇಳಿದ್ದಾಯ್ತು." ಅವನು ಟೋಪಿ ಹಾಕಿಕೊಂಡ. "ನಾನು ಮನೆಯಲ್ಲೇ ಇರ್ತೀನಿ. ಯಾವಾಗ ಕರೆದ್ರೂ ಬರ್ತೀನಿ."

*

ಆರೋಪಪಟ್ಟಿ ಹೋಗುವ ಮೊದಲು ಆರೋಪಿಗೆ ಇಡೀ ಫೈಲನ್ನು ತೋರಿಸಬೇಕು. ಏಪ್ರಿಲ್ 20ರ ಬೆಳಿಗ್ಗೆ ಎಲ್ಕಾಳನ್ನು ಠಾಣೆಯ ಕೋಣೆಗೆ ಕರೆತಂದರು. ಪಕ್ಕದಲ್ಲಿ ಸರ್ಕಾರ ನೇಮಿಸಿದ ಎಳೆಯ ವಕೀಲ ಆಕಳಿಕೆ ತಡೆದುಕೊಂಡು ಕೂತಿದ್ದ. ಅವಳು ಒಂದೊಂದೇ ಹಾಳೆ ತಿರುವಿದಳು. ದೂರು, ಪಂಚನಾಮೆ, ತಜ್ಞೆಯ ವರದಿ. ಹೆಸರಿನ ಜಾಗ ಖಾಲಿ ಬಿಟ್ಟ ಐದು ಹಾಳೆಗಳ ಮೇಲೆ ಅವಳ ಕಣ್ಣು ತುಸು ಹೊತ್ತು ನಿಂತಿತು, ಬಾಯಿ ಬಿಗಿಯಾಯಿತು. ಆಮೇಲೆ ಆ ಹಾಳೆ ಬಂತು.

ಹಾಳೆಯಲ್ಲಿ ಇದ್ದದ್ದು ಇಷ್ಟೇ:

"ಝಾನಾ. ಬ್ರೇಕು ಹಿಡಿಯಿತು. ನಾನು ಒತ್ತಿದ್ದೇ ತಡವಾಗಿ. ಟಿಕೆಟ್ ಹಣ ಎಣಿಸುತ್ತಿದ್ದೆ, ನಿನ್ನ ಕಡೆ ನೋಡಲಿಲ್ಲ. ಕ್ಷಮಿಸು ಎಂದು ಕೇಳಲೂ ಹೆದರಿದೆ."

ಎಲ್ಕಾ ಓದಿದವಳಂತೆ ಕಾಣಲಿಲ್ಲ. ಹಾಳೆಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ತಿರುಗಿಸಿ ಹಿಂಬದಿಯ ಗೀರನ್ನು ಬೆರಳಿನಿಂದ ಸವರಿದಳು. ಎಲ್ಲೋ ಆಳ, ಎಲ್ಲೋ ಏನೂ ಇಲ್ಲ. ಮತ್ತೆ ತಿರುಗಿಸಿದಳು. ಮೊದಲಕ್ಷರದ ಮೇಲೆ, ಆ ಹುಲ್ಲಿನ ಕಂತೆಯಂಥ Ж ಮೇಲೆ ಬೆರಳಿಟ್ಟಳು.

"ಹೀಗೆ ಬರೀತಾನಾ ಅವನು," ಎಂದಳು.

ಬೆರಳು ಮುಂದಕ್ಕೆ ಹೋಯಿತು. ಹೆಸರಿನ ಎರಡನೇ ಅಕ್ಷರ. ಆಮೇಲೆ ಕೊನೆಯದು. ಮತ್ತೆ ಎರಡನೆಯದು.

"ಸಾರ್," ಎಂದಳು. "ಇಲ್ಲಿ ನೋಡಿ. ಎರಡೂ ಒಂದೇ ತರ ಇಲ್ಲ."

"ಇಲ್ಲಮ್ಮ," ಎಂದ ಚಾಕರೋವ್.

"ಕೈಯಲ್ಲೇ ಬರ್ದಿದಾನೆ."

ಅವಳು ಹಾಳೆಯನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ಎರಡೂ ಅಂಗೈ ಚಾಚಿ, ಎರಡು ವರ್ಷದಲ್ಲಿ ಯಾರ ಎದುರಿಗೂ ಅಳದವಳು ಗಟ್ಟಿಯಾಗಿ ಅತ್ತಳು. ವಕೀಲ ಗಾಬರಿಯಾಗಿ ಎದ್ದು ನಿಂತ. ಗಾನ್ಚೋ ಅವನನ್ನು ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದ. ಫೈಲು ನೋಡಿದ ಬಗ್ಗೆ ಸಹಿ ಹಾಕಿಸಬೇಕಿತ್ತು. ಚಾಕರೋವ್ ಪೆನ್ನನ್ನು ಕೈಯಲ್ಲಿ ಹಿಡಿದು ಅವಳ ಅಳು ಮುಗಿಯುವವರೆಗೂ ಕಾದ.